ಸರೋಜತ್ತೆಗೆ ಗಂಡು ನೋಡಲು ಹೋದ ದಿನ

ಕರೆಂಟು ಹೋಗಿ ಮೇಣದಬತ್ತಿ ಹಚ್ಚಿದಾಗೆಲ್ಲ, ಕರಗುವ ಮೇಣದ ಆ ಬಿಸಿ ವಾಸನೆಗೆ ನನಗೆ ಕೋಯಮತ್ತೂರು ಹತ್ತಿರದ ಸೋಮನೂರಿನ ನಮ್ಮ ಮನೆ ನೆನಪಾಗುತ್ತದೆ. ನಡುಮನೆಯ ಗುಂಡಿಮಗ್ಗ, ಅದರಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ ಸರೋಜತ್ತೆ, ಆಮೇಲೆ ಅವಳಿಗೆ ಗಂಡು ನೋಡಲೆಂದು ನಾವೆಲ್ಲ ಚರ್ಚಿಗೆ ಹೋದ ಆ ದಿನ. ಹೌದು, ಚರ್ಚಿಗೇ. ತೊಂಬತ್ತರ ದಶಕದ ಮಾತು. ಊರ ತುಂಬ ಪವರ್‌ಲೂಮಿನ ಸದ್ದು ಎದ್ದಿದ್ದರೂ ಅಪ್ಪನ ತಂಗಿ ಸರೋಜತ್ತೆ ಕೈಮಗ್ಗ ಬಿಟ್ಟಿರಲಿಲ್ಲ. ಮಗ್ಗಕ್ಕೆ ತಮಿಳು ಬೆರೆತ ನಮ್ಮ ಮನೆಗನ್ನಡದಲ್ಲಿ ತರಿ ಅನ್ನುತ್ತಿದ್ದೆವು. ಹೆಣ್ಣು ನೋಡಲು ಬಂದವರೆಲ್ಲ ಬಜ್ಜಿ ತಿಂದು, ಕಾಪಿ ಕುಡಿದು, "ನಮ್ಮನೆಗೆ ಬಂದ್ಮೇಲೆ ತರಿ ಗಿರಿ ಎಲ್ಲ ಬ್ಯಾಡಮ್ಮ" ಅನ್ನುವರು. ಅತ್ತೆ ಆಗುವುದಿಲ್ಲ ಅಂದುಬಿಡುವಳು. ಕೊನೆಗೆ, ಇನ್ನು ಯಾರ ಮುಂದೆಯೂ ಕಾಪಿ ತಟ್ಟೆ ಹಿಡಿದು ನಿಲ್ಲುವುದಿಲ್ಲವೆಂದು ಹಟ ಹಿಡಿದಳು. ಆಗ ಉಪಾಯ ಹೇಳಿದ್ದು ನಮ್ಮ ಅವ್ವ, ಅಂದರೆ ನನ್ನಜ್ಜಿ. ಗುಡಿಯಲ್ಲಿ ನೋಡಿದರೆ ನಮ್ಮ ಜನರ ಕಣ್ಣಿಗೆ ಬಿದ್ದು ಸುದ್ದಿಯಾಗುತ್ತದೆ; ಚರ್ಚಿನಲ್ಲಿ ನಮ್ಮವರು ಯಾರಿರುತ್ತಾರೆ?

ಕಾರಮಡೈ ಕಡೆಯ ಗಂಡಿನವರೂ ಒಪ್ಪಿ, ಹಳೆಯ ದೊಡ್ಡ ಚರ್ಚಿನ ಹತ್ತಿರ ಬನ್ನಿ ಎಂದು ಹೇಳಿ ಕಳಿಸಿದರು. ನಮಗೆ ದೊಡ್ಡ ಚರ್ಚೆಂದರೆ ಪಕ್ಕದ ಕರುಮತ್ತಂಪಟ್ಟಿಯದು. ಅಮ್ಮ ಬಾಳೆಲೆಯಲ್ಲಿ ಹುಣಸೆಹುಳಿಯ ಪುಳಿಸಾದ ಕಟ್ಟಿಕೊಂಡಳು, ಅಪ್ಪ ಇಸ್ತ್ರಿ ಮಾಡಿದ ವೇಷ್ಟಿ ಉಟ್ಟ, ಅತ್ತೆ ತಾನೇ ನೇಯ್ದ ಗಿಳಿಹಸಿರು ಸೀರೆ ಉಟ್ಟಳು. ಒಳಗೆ ಕಾಲಿಟ್ಟರೆ ತಂಪೋ ತಂಪು. ಬಣ್ಣದ ಗಾಜಿನಿಂದ ಬಿದ್ದ ಬೆಳಕು ನೆಲದ ಮೇಲೆ ಚೆಲ್ಲಿತ್ತು. ನಾನು ಕೆಂಪಿನಿಂದ ನೀಲಿಗೆ ಹಾರಿ ಹಾರಿ ಆಡಿದೆ. ಅವ್ವ ಮಾತ್ರ ಮೇರಿಮಾತೆಯ ಮುಂದೆ ಕೈಮುಗಿದು ನಿಂತು, "ಕೈಯಾಗೆ ಕೂಸು ಹಿಡ್ಕೊಂಡವಳೆ, ಹೆತ್ತವಳ ಕಷ್ಟ ತಿಳಿಯದಾ ತಾಯಿಗೆ?" ಎಂದು ಗಟ್ಟಿಯಾಗಿಯೇ ಕೇಳಿ, ಆಮೇಲೆ ಹೊರಬಂದು ಇಡೀ ಚರ್ಚಿಗೆ ಒಂದು ಪ್ರದಕ್ಷಿಣೆ ಹಾಕಿದಳು. ಅತ್ತೆ ಮೇಣದಬತ್ತಿ ಹಚ್ಚಿ, ಬೆರಳಿಗೆ ಬಿದ್ದ ಮೇಣವನ್ನು ಊದಿಕೊಳ್ಳುತ್ತ ನಕ್ಕಳು. ಬಿಸಿಲೇರಿದರೂ ಗಂಡಿನವರ ಸುಳಿವಿಲ್ಲ. "ಅವರು ಹೇಳಿದ್ದು ಕೋಯಮತ್ತೂರಿನ ಚರ್ಚು ಇರಬೌದು" ಎಂದು ಅಪ್ಪ ತಲೆ ಕೆರೆದುಕೊಂಡ.

ಗಾಂಧಿಪುರಕ್ಕೆ ಒಂದು ಬಸ್ಸು, ಅಲ್ಲಿಂದ ಪೇಟೆಬೀದಿಗೆ ಇನ್ನೊಂದು. ಆ ಚರ್ಚಿನ ಬಾಗಿಲಲ್ಲಿ ಹೂ ಮಾರುವವಳು, ಯಾರೋ ತಾಯಿ ಮಗ ಬಹಳ ಹೊತ್ತು ಕಾದು, ಶಿಲೆಗಳ ಮ್ಯೂಸಿಯಂಗೆ ದಾರಿ ಕೇಳಿಕೊಂಡು ಈಗ ತಾನೇ ಹೋದರೆಂದಳು. ಅತ್ತೆಯ ಮುಖ ಕೆಂಪಾಯಿತು. "ಕಾಯಕ್ಕಾಗದೆ ಕಲ್ಲು ನೋಡಕ್ಕೆ ಹೋದ್ನಾ? ನಡೀರಿ ಮನೆಗೆ." ಅವ್ವ ಅವಳ ಕೈ ಬಿಡದೆ ಎಳೆದುಕೊಂಡೇ ನಡೆದಳು.

ಮ್ಯೂಸಿಯಮ್ಮಿನ ಅಂಗಳದ ಬೇವಿನ ಮರದಡಿ ಒಬ್ಬ ದಪ್ಪನೆಯ ಹೆಂಗಸು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತಿದ್ದರು. ಗಂಡಿನ ತಾಯಿ ಇವರೇ ಇರಬೇಕೆಂದು ಅವ್ವ ನೇರ ಹೋಗಿ ಪಕ್ಕದಲ್ಲಿ ಕುಳಿತಳು. ಅಪ್ಪ ಅಮ್ಮನೂ ಅಲ್ಲೇ ನಿಂತರು. ಅತ್ತೆ ಮಾತ್ರ ನನ್ನನ್ನು ಕರೆದುಕೊಂಡು ಸಿಟ್ಟಿನಲ್ಲಿ ಒಳಗೆ ನುಗ್ಗಿದಳು. ಒಳಗೆ ಸಾಲಾಗಿ ಕಲ್ಲಿನ ದೇವರು, ವೀರರು, ಸೊಂಡಿಲು ಒಡೆದ ಆನೆ. ಒಬ್ಬ ತೆಳ್ಳನೆಯ ಗಂಡಸು ತಲೆಯಿಲ್ಲದ ಹೆಣ್ಣುವಿಗ್ರಹದ ಮುಂದೆ ಕುಕ್ಕರಗಾಲಲ್ಲಿ ಕೂತು, "ಅಂಚು ಎಂಗೆ ಕೆತ್ತವ್ನೆ ನೋಡು" ಎಂದು ತಮಗೆ ತಾವೇ ಕನ್ನಡದಲ್ಲಿ ಹೇಳಿಕೊಳ್ಳುತ್ತಿದ್ದರು.

"ಅದು ಅಂಚಲ್ಲ, ನೆರಿಗೆ" ಅಂದಳು ಅತ್ತೆ, ತಡೆಯಲಾರದೆ.

"ನೆರಿಗೇಲಿ ಹೂವು ಬರ್ತದಾ?"

"ನೇಯಕ್ಕೆ ಬಂದ್ರೆ ಎಲ್ಲೂ ಬರ್ತದೆ."

ಅವರು ತಿರುಗಿ ನೋಡಿದರು. ಹಸಿರು ಸೀರೆ ನೋಡಿದರು, ನನ್ನನ್ನು ನೋಡಿದರು. "ನೀವು ಸೋಮನೂರಿನವರಾ? ಬೆಳಗ್ಗಿಂದ ನಿಮಗೇ ಕಾದೆವು." ಅತ್ತೆ ನಾಚಿಕೊಳ್ಳಲಿಲ್ಲ. "ನಾವೂ ಇನ್ನೊಂದು ಚರ್ಚಲ್ಲಿ ಕಾದೆವು. ಮೊದಲೇ ಹೇಳ್ತೀನಿ, ನಾನು ತರಿ ಬಿಡಲ್ಲ." ಅವರು ಎದ್ದು ನಿಂತು, "ಬಿಡಿ ಅಂತ ಯಾರು ಹೇಳಿದ್ದು? ಅಪ್ಪಾರು ತೀರೋದ್ಮೇಲೆ ನಮ್ಮನೇಲಿ ಒಂದು ತರಿ ಸುಮ್ನೆ ಕೂತದೆ. ನೋಡಿದ್ರೆ ಸಂಕಟ ಆಯ್ತದೆ" ಅಂದರು. ಅತ್ತೆ ಆ ಕಲ್ಲಿನ ನೆರಿಗೆಯ ಕಡೆಗೆ ತಿರುಗಿದಳು. ಆಮೇಲೆ ಮೆಲ್ಲಗೆ, "ಕೂರೋ ಹಲಗೆ ಎತ್ತರ ಎಷ್ಟಿದೆ? ನನಗೆ ಕಾಲು ಎಟುಕಬೇಕಲ್ಲ" ಎಂದಳು. ಇಬ್ಬರೂ ಒಟ್ಟಿಗೇ ವಿಗ್ರಹದ ನೆರಿಗೆಗೆ ಕೈ ಚಾಚಿದರು. ಕಾವಲುಗಾರ "ತೊಡಾದೀಂಗ" ಎಂದು, ಮುಟ್ಟಬೇಡಿರೆಂದು, ತಮಿಳಿನಲ್ಲಿ ಗದರಿದ. ಸರ್ರನೆ ಕೈ ಹಿಂತೆಗೆದು ಶಾಲೆಯ ಮಕ್ಕಳಂತೆ ನಕ್ಕರು. ನಾನು ಹೊರಗೆ ಓಡಿ, "ಅತ್ತೆ ನಗ್ತಾವ್ಳೆ" ಎಂದು ಕೂಗಿದೆ. ಅಷ್ಟೇ ಸಾಕಾಯಿತು. ಬೇವಿನ ಮರದಡಿ ಪುಳಿಸಾದದ ಎಲೆ ಬಿಚ್ಚಿ ಎರಡೂ ಮನೆಯವರು ಹಂಚಿಕೊಂಡು ತಿಂದೆವು.

ಅತ್ತೆ ಕಾರಮಡೈಯಲ್ಲಿ ಕೊನೆಯವರೆಗೂ ನೇಯ್ದಳು; ಮಾಮ ಎದುರು ಕೂತು ನೂಲು ಸುತ್ತಿಕೊಡುತ್ತಿದ್ದರಂತೆ. ಸೋಮನೂರಿನ ನಮ್ಮ ಮನೆ ಈಗ ಯಾರದೋ ಗೋಡೌನಾಗಿದೆ, ಮಗ್ಗದ ಗುಂಡಿಯನ್ನು ಸಿಮೆಂಟು ಹಾಕಿ ಮುಚ್ಚಿದ್ದಾರೆ. ನಿಮಗೂ ಅಂಥ ಒಂದು ಮನೆ ಇದ್ದಿರಬಹುದು. ಆ ಬೀದಿಯಲ್ಲಿ ಹೋಗುವಾಗ ಬೇರೆ ಕಡೆ ಮುಖ ಮಾಡಿಕೊಂಡು ನಡೆಯುವುದು ನಿಮಗೂ ಗೊತ್ತಿರಬಹುದು. ಆದರೆ ನಾನು ಹೆಚ್ಚಾಗಿ ನೆನೆಸಿಕೊಳ್ಳುವುದು ಅವತ್ತಿನ ವಾಪಸು ಬಸ್ಸನ್ನು. ಅದರಲ್ಲಿದ್ದ ನಮ್ಮವರು ಈಗ ಯಾರೂ ಇಲ್ಲ. ಇಳಿಬಿಸಿಲು ಕಿಟಕಿಯಿಂದ ಬೀಳುತ್ತಿತ್ತು. ಅವ್ವ ಅಮ್ಮನ ಹೆಗಲಿಗೆ ಒರಗಿದ್ದಳು, ಅಪ್ಪ ಬಾಯಿ ತೆರೆದುಕೊಂಡಿದ್ದ, ಮಡಿಲಲ್ಲಿ ನನ್ನನ್ನು ಕೂರಿಸಿಕೊಂಡಿದ್ದ ಅತ್ತೆಯ ಗಲ್ಲ ನನ್ನ ನೆತ್ತಿಯ ಮೇಲಿತ್ತು. ಎಲ್ಲರೂ ನೆಮ್ಮದಿಯಾಗಿ ನಿದ್ದೆ ಹೋಗಿದ್ದರು. ನಾನೊಬ್ಬಳೇ ಎಚ್ಚರವಾಗಿದ್ದೆ. ಈಗಲೂ ಹಾಗೆಯೇ.