ಮಗಳ ಎಲುಬಿಗೆ ಒಂದು ಕೊಡ ನೀರು

ಪ್ರತಿ ಶುಕ್ರವಾರ ಬೆಳಿಗ್ಗೆ ಭೀಮಾ ಹೊಳೆಯಿಂದ ಒಂದು ಕೊಡ ನೀರು ತಂದು ನಮ್ಮೂರ ದೇವಿಗೆ ಎರೆಯುವುದು ನಾನು ಹೊತ್ತ ಹರಕೆ. ದಾರಿಯಲ್ಲಿ ಕೊಡ ನೆಲಕ್ಕಿಡಬಾರದು. ದಣಿದರೆ ತಲೆಯಿಂದ ಸೊಂಟಕ್ಕೆ, ಸೊಂಟದಿಂದ ತಲೆಗೆ. ಈಗೀಗ ಮೊಣಕಾಲು ಹಿಡಿದುಕೊಳ್ಳುತ್ತವೆ. ಗುಡಿಯ ಮೆಟ್ಟಿಲು ಹತ್ತುವಾಗ, ಇದೊಂದು ವಾರ ದಾಟಿಸವ್ವ ಎನ್ನುತ್ತೇನೆ. ಇಲ್ಲಿತನಕ ದಾಟಿಸಿದ್ದಾಳೆ.

ಹರಕೆ ಹೊತ್ತದ್ದು ಮಗಳ ಸಲುವಾಗಿ. ಸಣ್ಣಾಕಿ ಇದ್ದಾಗ ಅವರಪ್ಪ ಬೆನ್ನಿಗೆ ಖಾಲಿ ಕ್ಯಾನು ಕಟ್ಟಿ ಹೊಲದ ಬಾವಿಯಲ್ಲಿ ಈಜು ಕಲಿಸುತ್ತಿದ್ದರು. ಒಂದು ದಿನ ಹಗ್ಗ ಬಿಚ್ಚಿತು. ಕ್ಯಾನು ಮೇಲೆ ತೇಲಿತು, ಕೂಸು ಕಾಣಲಿಲ್ಲ. ಅವರು ಮುಳುಗಿ ಎತ್ತಿಕೊಂಡು ಬರುವಷ್ಟರಲ್ಲಿ ನಾನು ದೇವಿಗೆ ಮಾತು ಕೊಟ್ಟಾಗಿತ್ತು. ಮರುದಿನ ಮಗಳು ಏನೂ ಆಗಿಲ್ಲವೆಂಬಂತೆ ಮತ್ತೆ ಧುಮುಕಿದಳು.

ಆ ಬಾವಿಯನ್ನು ಅವಳು ಬಿಡಲೇ ಇಲ್ಲ. ಡಿಗ್ರಿ ಮುಗಿದರೂ ದಿನಾ ಮುಂಜಾನೆ ಈಜು. ಮೈ ಹುರಿಗಟ್ಟಿ, ಉಸಿರು ಗಟ್ಟಿಯಾಗಿತ್ತು. ಮನೆಗೆ ನಳ ಬಂದು ನೀರು ಹೊರುವುದು ತಪ್ಪಿತ್ತು, ಹೊಲಕ್ಕೂ ಬೈಕಿನ ಮೇಲೆಯೇ ಹೋಗುತ್ತಿದ್ದಳು. ಶುಕ್ರವಾರ ನಾನು ಕೊಡ ಹೊತ್ತು ಹೊರಟರೆ ಅವಳಿಗೆ ನಗು. "ದೇವಿ ಗುಡಿಗೂ ಒಂದು ನಳ ಹಾಕಿಸಬಾರದೇನ್ ಬೇ?"

ಪೊಲೀಸ್ ಭರ್ತಿಗೆ ಅರ್ಜಿ ಹಾಕಿದವಳೇ, ಅಲ್ಲಿಯ ಓಟದ ಪರೀಕ್ಷೆಗೆಂದು ಶಾಲೆಯ ಮೈದಾನದಲ್ಲಿ ಒಮ್ಮೆಲೇ ಓಡಲು ಶುರು ಮಾಡಿದಳು. ಈಜುವವಳಿಗೆ ಓಟ ಯಾವ ಲೆಕ್ಕ ಎಂದು ನಾವೂ ಅಂದುಕೊಂಡೆವು. ಕೆಲವೇ ವಾರಗಳಲ್ಲಿ ಮೊಣಕಾಲ ಕೆಳಗೆ ನೋವು. ನರ ಹಿಡಿದಿರಬೇಕೆಂದು ನಾನು ಎಣ್ಣೆ ತಿಕ್ಕಿದೆ, ವಿಭೂತಿ ಹಚ್ಚಿದೆ. ಕುಂಟುತ್ತಲೇ ಓಡಿದಳು. ಒಂದು ಮುಂಜಾನೆ ಹಾಸಿಗೆಯಿಂದ ಕಾಲು ಕೆಳಗಿಡಲಾಗದೆ ಅತ್ತಾಗ ಕಲಬುರಗಿಯ ಬಸ್ಸು ಹತ್ತಿಸಿದೆ.

ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಬಿದ್ದಿದೆ ಎಂದರು ಡಾಕ್ಟರಮ್ಮ. ಇಷ್ಟು ವರ್ಷ ಈಜಿದ್ದೇನಲ್ಲ ಎಂದು ಮಗಳು ವಾದಕ್ಕೇ ನಿಂತಳು. ಅವರು ಬೇಸರವಿಲ್ಲದೆ ತಿಳಿಸಿ ಹೇಳಿದರು. ಈಜು ಎದೆಗೆ, ಉಸಿರಿಗೆ, ಮಾಂಸಖಂಡಕ್ಕೆ ಒಳ್ಳೆಯದೇ, ಬಿಡಬೇಕಾಗಿಲ್ಲ. ಆದರೆ ನೀರಿನಲ್ಲಿ ಮೈ ತೇಲುತ್ತದೆ, ಎಲುಬಿಗೆ ಭಾರ ಬೀಳುವುದು ಕಡಿಮೆ. ನಡೆದು, ಜಿಗಿದು, ಹೊತ್ತರೇ ಎಲುಬು ಗಟ್ಟಿಯಾಗುವುದು. ಆ ರೂಢಿಯಿಲ್ಲದ ಕಾಲನ್ನು ಒಮ್ಮೆಲೇ ಓಡಿಸಿದರೆ ಹೀಗಾಗುತ್ತದೆ.

"ಇಷ್ಟು ದಿನ ನಿನ್ನ ಭಾರ ನೀರು ಹೊತ್ತದ. ಈ ವಯಸ್ಸಿನ್ಯಾಗ ಎಲುಬು ಹೊರೋದು ಕಲೀಲಿ" ಎಂದರು. ಹಾಲು, ಮೊಸರು, ಸೊಪ್ಪು, ಬಿಸಿಲು ಎಲ್ಲ ಹೇಳಿದರು. ಬಿರುಕು ಮಾಯುವವರೆಗೆ ಓಟವಿಲ್ಲ, ಅಂದರೆ ಈ ಭರ್ತಿ ಕೈತಪ್ಪಿದಂತೆಯೇ. ಊರಿಗೆ ಮರಳುವ ಬಸ್ಸಿನಲ್ಲಿ ಅಫಜಲಪುರ ಬರುವತನಕ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಕೂರಲು ಸೀಟು ಸಿಕ್ಕಿತ್ತು, ಅದೊಂದು ಪುಣ್ಯ.

ಕಾಲು ಮಾಯ್ದು, ಇನ್ನು ನಡೆಯಬಹುದು, ಸ್ವಲ್ಪ ಸ್ವಲ್ಪ ಭಾರವನ್ನೂ ಹೊರಬಹುದು ಎಂದು ಡಾಕ್ಟರಮ್ಮ ಹೇಳಿದ ಮೇಲಿನ ಮೊದಲ ಶುಕ್ರವಾರ, ಹೊಳೆಯ ದಂಡೆಯಲ್ಲಿ ಮಗಳು ಕೊಡ ಕಸಿದುಕೊಂಡಳು. ಅರ್ಧವೇ ತುಂಬಿದಳು. ಹರಕೆ ನನ್ನದು, ಇನ್ನೊಬ್ಬರು ಹೊತ್ತರೆ ಸಲ್ಲುತ್ತದೋ ಇಲ್ಲವೋ ಎಂದು ನಾನು ಅನುಮಾನಿಸಿದೆ.

"ಹರಕಿ ನೀ ಮಾಡ್ಕೋ. ನಾ ಎಲುಬಿಗಂತ ಹೊರ್ತೇನಿ."

ದೇವಿ ಇದನ್ನು ಹೇಗೆ ತಗೊಳ್ಳುತ್ತಾಳೋ. ನನ್ನ ಮೊಣಕಾಲು ಮಾತ್ರ ಮಗಳ ಮಾತಿಗೆ ಒಪ್ಪಿಬಿಟ್ಟಿದ್ದವು.

ಅರ್ಧ ದಾರಿಗೆ ಮಗಳ ಹೆಜ್ಜೆ ನಿಧಾನವಾಯಿತು. ಅಲ್ಲೊಂದು ಕಲ್ಲಿನ ಕಟ್ಟೆ ಇದೆ, ಎಷ್ಟೋ ಶುಕ್ರವಾರ ನನ್ನನ್ನು ಆಸೆಗೆ ಹಚ್ಚಿದ ಕಟ್ಟೆ. ಅವಳು ಅದರ ಮುಂದೆ ನಿಂತಳು. ಇಟ್ಟೇ ಬಿಡುತ್ತಾಳೆ ಅಂದುಕೊಂಡೆ, ಬೇಡ ಎನ್ನಲೂ ಮನಸ್ಸಾಗಲಿಲ್ಲ.

"ಯವ್ವಾ, ಚೂರು ಹಿಡಿ. ಕೆಳಗ ಇಡಬಾರದಲ್ಲ."

ಕೊಡ ನನ್ನ ಸೊಂಟಕ್ಕೆ ಬಂತು. ಅವಳು ಕಾಲು ನೀವಿಕೊಂಡು, ಒಂದೆರಡು ಸಲ ಊರಿ ನೋಡಿ, ಮತ್ತೆ ಕೈ ಚಾಚಿದಳು.