ಅಣ್ಣನನ್ನು ಕೇಳಲು ಬಂದವರು

ಅವರ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಚರ್ಮ ದಪ್ಪವಾಗಿ, ಕಪ್ಪಾಗಿ, ಹುಣಸೆಬೀಜದ ಹಾಗೆ ಹೊಳೆಯುತ್ತಿತ್ತು. ಬೂಟಿಲ್ಲದೆ ಫುಟ್‌ಬಾಲ್ ಆಡಿದ ಕಾಲದ ಗುರುತು ಅದು ಎಂದು ಆಮೇಲೆ ಗೊತ್ತಾಯಿತು. ನಾನು ಅವರ ಮುಖ ನೋಡುವ ಮೊದಲು ಆ ಹೆಬ್ಬೆರಳನ್ನೇ ನೋಡಿದೆ. ಹೆಣ್ಣು ನೋಡಲು ಬಂದವರ ಮುಂದೆ ಕಾಫಿ ತಟ್ಟೆ ಹಿಡಿದು ಬರುವ ಹುಡುಗಿ ತಲೆ ತಗ್ಗಿಸಿಕೊಂಡೇ ಬರಬೇಕೆಂದು ಅವ್ವ ಕಲಿಸಿದ್ದಳು. ಅಷ್ಟು ಹೊತ್ತಿಗೆ ಇಲವಾಲದ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಸಾಕಷ್ಟು ಜನರ ಪಾದಗಳನ್ನು ನೋಡಿದ್ದೆ. ಎಲ್ಲರೂ ಉಪ್ಪಿಟ್ಟು ತಿಂದು, ತಿಳಿಸುತ್ತೇವೆ ಎಂದು ಹೇಳಿ ಹೋದವರೇ. ಯಾರೂ ತಿಳಿಸಿರಲಿಲ್ಲ.

ಇವರು ನನ್ನನ್ನು ನೋಡಲು ಬಂದವರಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ಬಂದದ್ದು ನನ್ನ ಅಣ್ಣನನ್ನು ಕೇಳಲು, ತಮ್ಮ ತಂಡದ ಫಾರ್ವರ್ಡ್ ಮಾಡಿಕೊಳ್ಳಲು.

ಒಂಟಿಕೊಪ್ಪಲಿನಲ್ಲಿ ಅವರಿಗೊಂದು ಗ್ರಂಧಿಗೆ ಅಂಗಡಿ ಇತ್ತು. ವಿಭೂತಿ ಗಟ್ಟಿ, ಕರ್ಪೂರ, ಅಂಟುವಾಳ, ಅಳಲೆಕಾಯಿ, ಮದುವೆ ಕಾಲದಲ್ಲಿ ಬಾಸಿಂಗ. ಸಂಜೆಯಾದರೆ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಮೈದಾನಕ್ಕೆ ಹೊರಡುತ್ತಿದ್ದರು. ಆ ಬಡಾವಣೆಯ ಫುಟ್‌ಬಾಲ್ ತಂಡಕ್ಕೆ ಅವರೇ ಕೋಚು, ಅವರೇ ಮ್ಯಾನೇಜರು, ಯಾರಿಗಾದರೂ ಕಾಲು ಉಳುಕಿದರೆ ಎಣ್ಣೆ ತಿಕ್ಕುವವರೂ ಅವರೇ. ಹಣೆಯಲ್ಲಿ ಮೂರು ಬೆರಳಗಲದ ವಿಭೂತಿ. ಹುಡುಗರು ಗೋಲು ಬಿಟ್ಟುಕೊಟ್ಟಾಗ ಅದು ಬೆವರಿನಲ್ಲಿ ಕರಗಿ ಹುಬ್ಬಿನ ಮೇಲಿಳಿಯುತ್ತಿತ್ತಂತೆ. ಹುಡುಗರು ಅವರನ್ನು ಕೋಚ್ ಸಾರ್ ಎನ್ನುತ್ತಿದ್ದರು. ನಾನು ಮುಂದೆ ಕೋಚ್ ಮಾವ ಎಂದು ಕರೆದೆ, ಕೊನೆಯವರೆಗೂ ಹಾಗೆಯೇ ಕರೆದೆ.

ತೊಂಬತ್ತರ ದಶಕದ ಮಧ್ಯಭಾಗ ಅದು. ಆಗ ನಗರದ ಫುಟ್‌ಬಾಲ್ ಲೀಗಿನಲ್ಲಿ ಒಂದು ಪದ್ಧತಿಯಿತ್ತು. ಸಂಕ್ರಾಂತಿ ಕಳೆದರೆ ಯುಗಾದಿವರೆಗೆ ಆಟಗಾರರು ಬಿಡುಗಡೆಯ ಹಕ್ಕಿಗಳು. ಯಾರು ಬೇಕಾದರೂ ಹಳೆಯ ತಂಡ ಬಿಟ್ಟು ಹೊಸದಕ್ಕೆ ಸೇರಬಹುದು. ಬೇರೆ ಮ್ಯಾನೇಜರುಗಳು ಈ ವ್ಯವಹಾರವನ್ನು ಟೀ ಅಂಗಡಿಗಳಲ್ಲಿ ಮುಗಿಸುತ್ತಿದ್ದರು. ಒಂದು ಜೊತೆ ಬೂಟು, ಎರಡು ಒಳ್ಳೆಯ ಮಾತು, ಹೆಗಲ ಮೇಲೊಂದು ಕೈ. ಕೋಚ್ ಮಾವನಿಗೆ ಅದು ಕಳ್ಳತನ ಎನಿಸುತ್ತಿತ್ತು. ಅವರು ಹೆಂಡತಿಯನ್ನು ಕರೆದುಕೊಂಡು, ತಟ್ಟೆಯಲ್ಲಿ ಹಣ್ಣು ಕಾಯಿ ವೀಳ್ಯದೆಲೆ ಹೂವು ಇಟ್ಟುಕೊಂಡು, ಹುಡುಗನ ಮನೆಗೇ ಹೋಗಿ ಅವನ ತಾಯಿಯನ್ನು ಕೇಳುತ್ತಿದ್ದರು. 'ಕರ ಬೇಕಾದೋರು ಹಸೂನ ಕೇಳ್ಬೇಕು' ಎನ್ನುವುದು ಅವರ ಮಾತು. ತಮ್ಮ ತಂಡ ಬಿಟ್ಟು ಹೋಗುವ ಹುಡುಗನ ಮನೆಗೂ ಹಾಗೆಯೇ ತಟ್ಟೆ ಹಿಡಿದು ಹೋಗಿ ಬೀಳ್ಕೊಟ್ಟು ಬರುತ್ತಿದ್ದರು. ಊರಿನ ಫುಟ್‌ಬಾಲಿನವರಿಗೆಲ್ಲ ಇದು ಗೊತ್ತು, ನಗುತ್ತಲೂ ಇದ್ದರು. ಗೊತ್ತಿಲ್ಲದಿದ್ದದ್ದು ನನ್ನ ಅವ್ವನಿಗೆ.

ಆ ವರ್ಷ ಅವರ ತಂಡದ ಸ್ಥಿತಿ ಚೆನ್ನಾಗಿರಲಿಲ್ಲ. ಹಿಂದಿನ ಸಾಲು ಗಟ್ಟಿಯಾಗಿತ್ತು, ಗೋಲು ಕಾಯುವ ಗೋಲಿಯೂ ಒಳ್ಳೆಯವನೇ. ಗೋಲು ಹೊಡೆಯುವವರು ಮಾತ್ರ ಯಾರೂ ಇರಲಿಲ್ಲ. ಹಿಂದುಗಡೆ ಕೋಟೆ, ಮುಂದುಗಡೆ ಬಯಲು ಎಂದು ಅವರೇ ಹೇಳಿಕೊಳ್ಳುತ್ತಿದ್ದರಂತೆ. ಇನ್ನೊಂದು ವರ್ಷ ಕಡೆಯ ಸ್ಥಾನಕ್ಕೆ ಬಂದರೆ ಎರಡನೇ ಡಿವಿಷನ್ನಿಗೆ ಇಳಿಯಬೇಕು. ಒಮ್ಮೆ ಇಳಿದರೆ ಇರುವ ಹುಡುಗರೂ ನಿಲ್ಲುವುದಿಲ್ಲ, ತಂಡವೇ ಚದುರಿಹೋಗುತ್ತದೆ. ಅದೇ ಹೊತ್ತಿಗೆ ಅಣ್ಣ ಆಡುತ್ತಿದ್ದ ಕಾರ್ಖಾನೆಯವರು ತಮ್ಮ ಫುಟ್‌ಬಾಲ್ ತಂಡವನ್ನು ಮುಚ್ಚಿದರು. ಮುಂದಿನ ಸಾಲಿನ ಮೂವರು ಒಟ್ಟಿಗೇ ಬೀದಿಗೆ ಬಂದರು. ಬಲಗಡೆಯೊಬ್ಬ, ಎಡಗಡೆಯೊಬ್ಬ, ನಡುವೆ ನನ್ನ ಅಣ್ಣ. ಹೋದರೆ ಮೂವರೂ ಒಂದೇ ತಂಡಕ್ಕೆ ಹೋಗುವುದೆಂದು ಅವರು ಮಾತಾಡಿಕೊಂಡಿದ್ದರು. ಅಂದರೆ ಅಣ್ಣ ಬಂದರೆ ಮೂವರೂ ಬಂದ ಹಾಗೆ. ಕೋಚ್ ಮಾವ ತಟ್ಟೆ ಸಿದ್ಧಮಾಡಿಕೊಂಡರು.

ಒಂಟಿಕೊಪ್ಪಲಿನಿಂದ ಗಂಡ ಹೆಂಡತಿ ನಿಮ್ಮ ಮನೆಗೆ ಬರುತ್ತಾರಂತೆ ಎಂದು ಹಿಂದಿನ ದಿನ ಬಸ್‌ಸ್ಟಾಂಡಿನ ಹೂವಿನವಳು ಅವ್ವನಿಗೆ ಸುದ್ದಿ ಮುಟ್ಟಿಸಿದ್ದಳು. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ, ಅವ್ವನೂ ಕೇಳಲಿಲ್ಲ. ವಯಸ್ಸಿಗೆ ಬಂದ ಮಗಳಿರುವ ಮನೆಗೆ ಗುರುತಿಲ್ಲದ ದಂಪತಿ ಇನ್ನು ಯಾಕೆ ಬರುತ್ತಾರೆ? ಅಪ್ಪ ಬದುಕಿರಲಿಲ್ಲ. ಅಣ್ಣ ಕೆಲಸ ಹುಡುಕಿಕೊಂಡು ಹುಣಸೂರಿಗೆ ಹೋಗಿದ್ದ. ಅವ್ವ ಬೆಳಿಗ್ಗೆ ಎದ್ದವಳೇ ಪಡಸಾಲೆ ಸಾರಿಸಿ, ಕೇಸರಿಬಾತಿಗೆ ರವೆ ಹುರಿದು, ತನ್ನ ಮದುವೆಯ ಸೀರೆಯನ್ನು ನನಗೆ ಉಡಿಸಿದಳು. ಬಂದವರ ಹಣೆಯ ವಿಭೂತಿ, ಕೈಯಲ್ಲಿದ್ದ ತಟ್ಟೆ ನೋಡಿದ ಮೇಲೆ ಅವಳಿಗಿದ್ದ ಒಂದಿಷ್ಟು ಅನುಮಾನವೂ ಹೋಯಿತು. ನಮ್ಮ ಜನವೇ, ಮುಹೂರ್ತ ನೋಡಿಕೊಂಡೇ ಬಂದಿದ್ದಾರೆ ಎಂದು ಒಳಗೆ ಬಂದು ನನ್ನ ಕಿವಿಯಲ್ಲಿ ಹೇಳಿದಳು.

ನಾನು ಕಾಫಿ ಕೊಟ್ಟು ಚಾಪೆಯ ಮೇಲೆ ಕೂತೆ. ಅವ್ವ ಹೇಳಿದ್ದೇ ಹೇಳಿದ್ದು: ಎಸ್ಸೆಸ್ಸೆಲ್ಸಿ ಪಾಸು, ಹೊಲಿಗೆ ಬರುತ್ತದೆ, ವಚನ ಚೆನ್ನಾಗಿ ಹೇಳುತ್ತಾಳೆ, ಎದುರು ಮಾತಾಡುವವಳಲ್ಲ. ಕಡೆಯದು ಶುದ್ಧ ಸುಳ್ಳು. ಆ ಕಡೆ ಹೆಬ್ಬೆರಳು ಒಮ್ಮೆ ಮಡಚಿ ಬಿಚ್ಚಿಕೊಂಡಿತು. ಕೊನೆಗೆ ಅವ್ವ, ಹುಡುಗಿ ಒಪ್ಪಿಗೆಯಾದಳೇ ಎಂದು ಬಾಯಿಬಿಟ್ಟು ಕೇಳಿಯೇಬಿಟ್ಟಳು. ಅಂಥ ಮಾತನ್ನು ಹೆಣ್ಣಿನ ಕಡೆಯವರು ಕೇಳುವ ರೂಢಿಯಿಲ್ಲ. ಎಷ್ಟು ಸೋತಿದ್ದಳೋ, ಕೇಳಿದಳು.

"ಚಿನ್ನದಂಥ ಮಗು ಕಣಮ್ಮ" ಎಂದರು ಅವರು. "ನಮಗೆ ಮಕ್ಕಳಿಲ್ಲ. ಗುರುತಿನೋರಲ್ಲಿ ಒಬ್ಬ ಒಳ್ಳೆ ಹುಡುಗ ಅವ್ನೆ. ಅವರ ಮನೇಲಿ ಮಾತಾಡಿ ನಾವೇ ಬಂದು ಹೇಳ್ತೀವಿ."

ತಟ್ಟೆಯನ್ನು ಅವರ ಹೆಂಡತಿ ಅವ್ವನ ಕೈಗೆ ಕೊಟ್ಟು, ಹೂವನ್ನು ನನಗೆ ಮುಡಿಸಿದರು. ಫುಟ್‌ಬಾಲಿನ ಹೆಸರನ್ನು ಇಬ್ಬರೂ ಎತ್ತಲಿಲ್ಲ.

ಅವರು ಹೊರಗೆ ಹೋಗುವುದಕ್ಕೂ ಅಣ್ಣ ಗೇಟಿಗೆ ಬರುವುದಕ್ಕೂ ಸರಿಹೋಯಿತು. ನಾನು ಕೋಣೆಯ ಕಿಟಕಿಯ ಹತ್ತಿರ ಸೀರೆ ಬಿಚ್ಚಲು ಹೊರಟವಳು ಎಲ್ಲವನ್ನೂ ಕೇಳಿಸಿಕೊಂಡೆ. ಅಣ್ಣನಿಗೆ ಅವರನ್ನು ಕಂಡ ಕೂಡಲೇ ವಿಷಯ ತಿಳಿದುಹೋಗಿತ್ತು. ನಾವು ಮೂವರೂ ನಿಮ್ಮ ತಂಡಕ್ಕೇ ಬರುತ್ತೇವೆ ಸಾರ್, ನೀವು ಬರಲೆಂದೇ ಕಾಯುತ್ತಿದ್ದೆವು ಎಂದ. ಅವರು ಅವನನ್ನು ಬೇಲಿಯ ಪಕ್ಕಕ್ಕೆ, ಸರಿಯಾಗಿ ನನ್ನ ಕಿಟಕಿಯ ಕೆಳಗೇ ಕರೆದುಕೊಂಡು ಬಂದರು.

"ಆ ಮಾತು ಎತ್ತಬೇಡ ಕಣಪ್ಪಾ" ಎಂದರು. "ನಿಮ್ಮವ್ವ ಆ ಮಗೂಗೆ ಸೀರೆ ಉಡಿಸಿ ಕೂರಿಸ್ಬುಟ್ಟವ್ರೆ. ನೀನು ನನ್ ಟೀಮಿಗೆ ಬಂದ್ರೆ ನಾನು ಯಾಕೆ ಬಂದಿದ್ದೆ ಅಂತ ನಾಳೆ ಊರಿಗೆಲ್ಲ ಗೊತ್ತಾಗುತ್ತೆ. ಆಮೇಲೆ ಆ ತಾಯಿ ಬೀದೀಲಿ ಹೆಂಗೆ ತಲೆ ಎತ್ಕಂಡು ಓಡಾಡ್ತಾಳೆ? ನಾವು ಬಂದಿದ್ದು ನಿನ್ ತಂಗೀನ ನೋಡೋಕೆ. ಅಷ್ಟೇ ನೆನಪಿಟ್ಕೊ."

ಅಣ್ಣ ಏನೋ ವಾದ ಮಾಡಿದ. ನೀವು ಕೆಳಗಿಳಿದುಬಿಡುತ್ತೀರಿ ಸಾರ್ ಎಂದ. ಅವರು ಹೆಂಡತಿಯ ಜೊತೆ ಬಸ್‌ಸ್ಟಾಂಡಿನ ಕಡೆಗೆ ನಡೆದರು.

ನನಗೆ ಆಗ ಅವರ ಮೇಲೆ ಗೌರವ ಬರಲಿಲ್ಲ, ಮೈಯೆಲ್ಲ ಉರಿಯಿತು. ಬೇಡ ಎಂದವರನ್ನು ಸಹಿಸಬಹುದು, ಪಾಪ ಎಂದವರನ್ನು ಸಹಿಸುವುದು ಕಷ್ಟ. ಅವ್ವ ಅಡುಗೆಮನೆಯಲ್ಲಿ ಹಾಡು ಗುನುಗುತ್ತಾ ಪಾತ್ರೆ ತೊಳೆಯುತ್ತಿದ್ದಳು. ಅಪ್ಪ ಹೋದ ಮೇಲೆ ಅವಳು ಹಾಡಿದ್ದನ್ನು ನಾನು ಕೇಳಿರಲಿಲ್ಲ. ಅದಕ್ಕೇ ನಾನೂ ಬಾಯಿ ಹೊಲಿದುಕೊಂಡೆ.

ಅಣ್ಣನೂ ಅವನ ಇಬ್ಬರು ಗೆಳೆಯರೂ ಪೇಟೆಯ ಕಡೆಯ ಬೇರೊಂದು ತಂಡಕ್ಕೆ ಸೇರಿದರು. ಎಲ್ಲ ಮ್ಯಾನೇಜರುಗಳೂ ಫಾರ್ವರ್ಡುಗಳನ್ನು ಹುಡುಕುತ್ತಿದ್ದಾಗ ಕೋಚ್ ಮಾವ ನನಗೆ ಗಂಡು ಹುಡುಕುತ್ತಿದ್ದರು; ಅವತ್ತು ಹೇಳಿದ ಆ ಒಳ್ಳೆ ಹುಡುಗ ಇದ್ದದ್ದು ಬರೀ ಮಾತಿನಲ್ಲಿ. ಅಂಗಡಿಗೆ ಬಾಸಿಂಗ ಕೇಳಲು ಬಂದವರನ್ನೆಲ್ಲ ವಿಚಾರಿಸುತ್ತಿದ್ದರಂತೆ. ಕೊನೆಗೆ ಹುಡುಗ ಸಿಕ್ಕಿದ್ದು ಅವರ ತಂಡದಲ್ಲೇ. ಹಿಂದಿನ ಸಾಲಿನ ಆಟಗಾರ, ಪ್ರೆಸ್ಸಿನಲ್ಲಿ ಕೆಲಸ, ಮಾತು ಕಡಿಮೆ. ಇಲವಾಲಕ್ಕೆ ಹೋದವರು ಫಾರ್ವರ್ಡನ್ನು ಯಾಕೆ ತರಲಿಲ್ಲ ಎಂದು ತಂಡದ ಹುಡುಗರು ಕೇಳಿದಾಗ, ನಾನು ಹೋಗುವುದು ತಡವಾಯಿತು, ಬೇರೆಯವರು ಕರೆದುಕೊಂಡುಬಿಟ್ಟರು ಎಂದು ತಪ್ಪನ್ನೆಲ್ಲ ತಮ್ಮ ಮೇಲೆ ಹಾಕಿಕೊಂಡಿದ್ದರು. ತಟ್ಟೆ ಹಿಡಿದು ಮೆರವಣಿಗೆ ಹೊರಟರೆ ಹೀಗೇ ಆಗುವುದು ಎಂದು ಹುಡುಗರು ಮುಖದ ಮೇಲೇ ಅಂದರಂತೆ.

ಮಾತು ಮುಗಿಸುವ ದಿನ ಅವರು ನನ್ನನ್ನು ಹಿತ್ತಲಿಗೆ ಕರೆದರು. ಹುಡುಗ ಇಷ್ಟವಿಲ್ಲದಿದ್ದರೆ ಹೇಳಿಬಿಡು, ಗಂಡಿನ ಕಡೆಯವರೇ ಬೇಡವೆಂದರು ಎಂದು ಹೇಗೋ ಸಂಭಾಳಿಸುತ್ತೇನೆ, ನಿನ್ನ ಮೇಲೆ ಬರದ ಹಾಗೆ ನೋಡಿಕೊಳ್ಳುತ್ತೇನೆ ಎಂದರು. ನನ್ನನ್ನು ಅಲ್ಲಿಯವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಆದರೂ ಒಳಗಿನ ಉರಿ ಆರಿರಲಿಲ್ಲ.

"ನೀವು ಅವತ್ತು ಅಣ್ಣನ್ನ ಕೇಳೋಕೆ ಬಂದಿದ್ರಿ. ನಂಗೆ ಗೊತ್ತು" ಎಂದೆ.

ಅವರು ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು. ಮುಖದಲ್ಲಿದ್ದದ್ದು ಭಯ. ದೊಡ್ಡವರೊಬ್ಬರು ನನ್ನಂಥವಳಿಗೆ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಹೌದು ಕಣಮ್ಮ" ಎಂದರು. "ಅವನ್ನೇ ಕೇಳೋಕೆ ಬಂದಿದ್ದು. ನೀನು ತಟ್ಟೆ ಹಿಡ್ಕಂಡು ಬಂದ್ಯಲ್ಲ, ಆಮೇಲೆ ಬಾಯಿ ಬರ್ಲಿಲ್ಲ." ಮನೆಯ ಕಡೆ ತಿರುಗಿ ನೋಡಿ, "ನಿಮ್ಮವ್ವನಿಗೆ ಗೊತ್ತಾ?" ಎಂದು ಕೇಳಿದರು. ಇಲ್ಲ ಎಂದೆ. "ಹಂಗಾದ್ರೆ ಅದು ನಮ್ಮಲ್ಲೇ ಇರ್ಲಿ."

ನನ್ನ ಸಿಟ್ಟು ಅಲ್ಲಿಗೆ ಮುಗಿಯಿತು. ಹುಡುಗ ಇಷ್ಟವಾಗಿದ್ದಾನೆ ಎಂದೂ ಹೇಳಿದೆ, ಅದು ನಿಜವೂ ಆಗಿತ್ತು.

ಆ ವರ್ಷದ ಕಡೆಯ ಪಂದ್ಯ ನಡೆದದ್ದು ಅಣ್ಣನ ತಂಡಕ್ಕೂ ಅವರ ತಂಡಕ್ಕೂ. ಪಂದ್ಯ ಸಮವಾಗಿ ಮುಗಿದರೂ ಸಾಕಿತ್ತು, ಅವರು ಕೆಳಗಿಳಿಯದೆ ಉಳಿದುಕೊಳ್ಳುತ್ತಿದ್ದರು. ಆಟ ಮುಗಿಯುವ ಹೊತ್ತಿಗೆ ಚೆಂಡು ಅಣ್ಣನ ಕಾಲಿಗೆ ಬಂತು. ಹೊರಗೆ ಹೊಡೆದುಬಿಡಲೇ ಎಂದು ಒಂದು ಕ್ಷಣ ಅನಿಸಿತಂತೆ. ಆದರೆ ಬೇಕೆಂದೇ ತಪ್ಪಿಸಿದರೆ ಆ ಮನುಷ್ಯನ ಮುಖ ಮತ್ತೆ ನೋಡಲಾಗುವುದಿಲ್ಲ ಎನಿಸಿ ಹೊಡೆದ. ಗೋಲಾಯಿತು. ಪಂದ್ಯ ಮುಗಿದ ಮೇಲೆ ಕೋಚ್ ಮಾವ ತಾವೇ ಅವನ ಹತ್ತಿರ ಬಂದು, ಎಡಗಾಲಲ್ಲಿ ಹೊಡೆದದ್ದು ಚೆನ್ನಾಗಿತ್ತು ಎಂದು ಹೇಳಿ, ಲಗ್ನಪತ್ರಿಕೆ ಅಚ್ಚಾಯಿತೇ ಎಂದು ವಿಚಾರಿಸಿದರು. ಅಣ್ಣ ಮನೆಗೆ ಬಂದು ಊಟ ಮಾಡದೆ ಮಲಗಿದ. ಮೈಯಲ್ಲಿ ಸರಿಯಿಲ್ಲವೇ ಎಂದು ಅವ್ವ ಹಣೆ ಮುಟ್ಟಿ ನೋಡಿದಳು.

ನನ್ನ ಮದುವೆಯಲ್ಲಿ ಬಡಿಸಿದವರು ಆ ಸೋತ ತಂಡದ ಹುಡುಗರೇ. ಅದೇ ಅವರೆಲ್ಲ ಒಟ್ಟಾಗಿ ಮಾಡಿದ ಕಡೆಯ ದೊಡ್ಡ ಕೆಲಸ. ಮುಂದಿನ ಸಂಕ್ರಾಂತಿಯಿಂದ ಒಬ್ಬೊಬ್ಬರಾಗಿ ಬಿಟ್ಟು ಹೊರಟರು. ನಾನು ಒಂಟಿಕೊಪ್ಪಲಿನಲ್ಲಿ ಅವರ ಪಕ್ಕದ ಬೀದಿಗೇ ಸೊಸೆಯಾಗಿ ಬಂದಿದ್ದರಿಂದ ಇದನ್ನೆಲ್ಲ ಕಣ್ಣಾರೆ ನೋಡಿದೆ. ಪ್ರತಿ ಹುಡುಗ ಹೋದಾಗಲೂ ಅತ್ತೆ, ಅಂದರೆ ಅವರ ಹೆಂಡತಿ, ತಟ್ಟೆ ಸಿದ್ಧಮಾಡುತ್ತಿದ್ದರು. ಬೀಳ್ಕೊಟ್ಟು ಬಂದ ದಿನ ಮಾವ ಅಂಗಡಿಯಲ್ಲಿ ಕರ್ಪೂರದ ಡಬ್ಬಿಗಳನ್ನು ಸುಮ್ಮನೆ ಒರೆಸುತ್ತಾ ಕೂರುತ್ತಿದ್ದರು. ಆಡುತ್ತಿದ್ದ ಮೈದಾನ ಬೇಲಿಯೊಳಗೆ ಸೇರಿತು. ಉಳಿದವರನ್ನು ಕರೆದುಕೊಂಡು ಬೋಗಾದಿ ಕಡೆಯ ಖಾಲಿ ಜಾಗಕ್ಕೆ ಹೋಗತೊಡಗಿದರು. ಅಲ್ಲೂ ಸೈಟಿನ ಕಲ್ಲುಗಳು ಬಂದವು. ಒಂದು ವರ್ಷ ಹನ್ನೊಂದು ಜನ ಸೇರದೆ ತಂಡದ ಹೆಸರು ಲೀಗಿನಿಂದಲೇ ಹೋಯಿತು. ಆ ಸಂಜೆ ನಾನು ಅವರ ಮನೆಗೆ ಹೋಗಿ, ನನ್ನಿಂದಲೇ ಹೀಗಾಯಿತು ಮಾವ ಎಂದು ಕಣ್ಣೀರು ಹಾಕಿದೆ. ಅವರಿಗೆ ಕೋಪ ಬಂತು. ಆಟ ಅಂದ ಮೇಲೆ ಸೋಲು ಇದ್ದದ್ದೇ, ಅದಕ್ಕೆಲ್ಲ ಮನೆ ಮಗಳನ್ನು ಎಳೆದು ತರುತ್ತಾರೆಯೇ ಎಂದು ಗದರಿ ಕಳಿಸಿದರು. ಅವರು ನನ್ನನ್ನು ಗದರಿಸಿದ್ದು ಅದೊಂದೇ ಸಲ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಕ್ಕೆ ಅವರಿಗೆ ಎದೆನೋವು ಶುರುವಾಯಿತು. ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದಂತೆಯೇ ಕುಸಿದರು. ಆಸ್ಪತ್ರೆಗೆ ಒಯ್ಯುವಷ್ಟೂ ಸಮಯ ಸಿಗಲಿಲ್ಲ.

ಮನೆಯ ಮುಂದೆ ಅಂತಿಮಯಾತ್ರೆಗೆ ಬಿದಿರಿನ ವಿಮಾನ ಕಟ್ಟುತ್ತಿದ್ದರು. ಒಳಗೆ ಅವರನ್ನು ಗೋಡೆಗೊರಗಿಸಿ ಕೂರಿಸಿದ್ದರು, ಹಣೆ ತುಂಬ ವಿಭೂತಿ. ಎಲ್ಲೆಲ್ಲೋ ಚದುರಿದ್ದ ಹಳೆಯ ಹುಡುಗರೆಲ್ಲ ಹೊಟ್ಟೆ ಬಂದವರಾಗಿ, ತಲೆ ಬೋಳಾದವರಾಗಿ ಬಂದು ನಿಂತಿದ್ದರು. ಇಲವಾಲದಿಂದ ಅಣ್ಣ ಅವ್ವನನ್ನು ಕರೆದುಕೊಂಡು ಬಂದ. ಅವ್ವ ಅವರ ಪಾದ ಮುಟ್ಟಿ ಅಲ್ಲೇ ಕೂತಳು. ಅಳುತ್ತಲೇ, ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ ಹೇಳತೊಡಗಿದಳು.

"ತಂದೆ ಇಲ್ಲದ ಮನೆ ಅಂತ ಯಾರೂ ತಿರುಗಿ ನೋಡ್ತಿರ್ಲಿಲ್ಲ ಕಣ್ರಪ್ಪಾ. ಈ ಪುಣ್ಯಾತ್ಮ ನನ್ ಮಗಳ ಸುದ್ದಿ ಕೇಳಿ, ತಾವಾಗೇ ಹಣ್ಣು ಕಾಯಿ ಹಿಡ್ಕಂಡು ಇಲವಾಲಕ್ಕೆ ಹುಡುಕ್ಕೊಂಡು ಬಂದ್ರು."

ಇಲವಾಲ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಹಳೆಯ ಗೋಲಿ ತಲೆಯೆತ್ತಿದ. ಅವನಿಗೆ ಲೆಕ್ಕ ತಪ್ಪಿದ ಹಾಗಾಗಿರಬೇಕು. ಅಣ್ಣನ ಮುಖ ನೋಡಿ, "ಇಲವಾಲಕ್ಕೆ ಸಾರ್ ಹೋಗಿದ್ದು ಇವನ..." ಎಂದು ಶುರುಮಾಡಿದ. ಅಣ್ಣ ಗೋಡೆಯ ಕಡೆಗೆ ತಿರುಗಿಕೊಂಡ.

ಅತ್ತೆ ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ, ಕಣ್ಣೀರೂ ಹಾಕಿರಲಿಲ್ಲ. ಅವರು ಸೆರಗನ್ನು ಸರಿಮಾಡಿಕೊಂಡು ಅವ್ವನ ಕಡೆಗೆ ಬಾಗಿದರು.

"ಹೌದು ಕಣವ್ವ" ಎಂದರು. "ನಿಮ್ಮ ಮಗಳನ್ನ ನೋಡೋಕೇ ಬಂದಿದ್ದು."