ಪರದಮ್ಮ ಎಳೆಯದೆ ಬಿಟ್ಟ ಹಗ್ಗ

ಶಾಲೆಯ ಗೇಟು ಇನ್ನೂ ಅರ್ಧ ಮಾತ್ರ ತೆರೆದಿದೆ. ಸಭಾಂಗಣದೊಳಗೆ ಬೆಳಕು ಸಾಲದು. ಆ ನಸುಕಿನಲ್ಲೇ ಒಬ್ಬ ಹೆಂಗಸು ಏಣಿ ಹತ್ತಿ ನಿಂತು ರಂಗದ ಪರದೆಯ ತಂತಿಗೆ ಮೇಣದಬತ್ತಿ ತಿಕ್ಕುತ್ತಿದ್ದಾರೆ. ಚಪ್ಪಲಿ ಬಾಗಿಲ ಹೊರಗಿದೆ, ಬಳೆಗಳನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿ ಕಿಟಕಿಯಲ್ಲಿಟ್ಟಿದ್ದಾರೆ. ಏಣಿ ಅಲ್ಲಾಡುತ್ತಿದೆ. ಪತ್ರಿಕೆಗೆ ಇವರ ಬಗ್ಗೆ ಬರೆಯಲು ಬಂದ ನಾನು ಹಿಡಿದುಕೊಳ್ಳೋಣವೆಂದು ಹತ್ತಿರ ಹೋದರೆ ಮೇಲಿಂದಲೇ ಗದರುತ್ತಾರೆ.

"ಮುಟ್ಬೇಡಿ ಸಾರ್. ಅದು ಅಲ್ಲಾಡೋದೇ ಹಾಗೆ. ಹೊಸಬರು ಹಿಡಿದ್ರೆ ಅದಕ್ಕೆ ಗಾಬರಿ ಆಗುತ್ತೆ."

ಹಾಜರಿ ಪುಸ್ತಕದಲ್ಲಿ ಇವರು ಈ ಪ್ರೌಢಶಾಲೆಯ ಆಯಾ. ಮಕ್ಕಳ ಬಾಯಲ್ಲಿ ಪರದಮ್ಮ. ಇಂದು ಸಂಜೆ ನಾಲ್ಕಕ್ಕೆ ಶಾಲೆಯ ನಾಟಕ. ಪರದೆ ತೆರೆಯುವುದು, ಮುಚ್ಚುವುದು ಅವರ ಕೆಲಸ. ಎಷ್ಟೋ ನಾಟಕಗಳಿಗೆ ಹಗ್ಗ ಎಳೆದ ಕೈ ಅದು. ಆದರೂ ಇಂದು ಅವರಿಗೆ ಒಳಗೊಳಗೇ ಪುಕುಪುಕು. ನಾಟಕದ ಕೊನೆಯ ದೃಶ್ಯದಲ್ಲಿ ಉದ್ದದ ಮಾತು ಹೇಳಬೇಕಾದವಳು ಅವರ ಸ್ವಂತ ಮೊಮ್ಮಗಳು. ಆ ಕಥೆಗೆ ಆಮೇಲೆ ಬರುತ್ತೇನೆ, ಯಾಕೆಂದರೆ ಅವರೂ ಸುಲಭಕ್ಕೆ ಬರಲಿಲ್ಲ. ಮೊದಲು ಕಸ ಗುಡಿಸಬೇಕಿತ್ತು.

ಕಲೆಗೆಂದು ಈ ಶಾಲೆಯಲ್ಲಿ ಮೂರು ಕೋಣೆಗಳಿವೆ. ಮೂರರ ಬೀಗದ ಕೈಯೂ ಪರದಮ್ಮನ ಸೊಂಟದಲ್ಲಿದೆ. ಚಿತ್ರದ ಕೋಣೆಯಲ್ಲಿ ಬಣ್ಣದ ಬಟ್ಟಲುಗಳನ್ನು ತೊಳೆದು, ನೀರು ತುಂಬಿ, ಬ್ರಷ್ಷುಗಳನ್ನು ಕೂದಲು ಮೇಲಾಗಿ ನಿಲ್ಲಿಸುತ್ತಾರೆ. ನೃತ್ಯದ ಕೋಣೆಯ ನೆಲವನ್ನು ಒರೆಸಿದ ಮೇಲೆ ಬರಿಗಾಲಲ್ಲಿ ಒಂದು ಸುತ್ತು ನಡೆಯುತ್ತಾರೆ. ಗುಂಡುಸೂಜಿ ಇದ್ದರೆ ಮಕ್ಕಳ ಕಾಲಿಗಿಂತ ಮೊದಲು ತಮ್ಮ ಕಾಲಿಗೆ ಚುಚ್ಚಲಿ ಎಂದು. ಹಾಡಿನ ಕೋಣೆಯಲ್ಲಿ ಒಂದೇ ಕೆಲಸ, ಕಿಟಕಿ ಭದ್ರವಾಗಿ ಮುಚ್ಚುವುದು. ಪಕ್ಕದ ತರಗತಿಯ ಗಣಿತದ ಮೇಷ್ಟ್ರಿಗೆ ಹಾಡೆಂದರೆ ಆಗದು. ಅವರ ಪಾಠ ಕೇಳಿದ ಮೇಲೆ ಹಾಡಿನವರಿಗೂ ಅವರು ಆಗಿಬರುವುದಿಲ್ಲ.

ಪರದೆಯ ಕೆಲಸ ಯಾರೂ ಅವರಿಗೆ ವಹಿಸಿದ್ದಲ್ಲ. ಮೊದಲು ಹಗ್ಗ ಹಿಡಿಯುತ್ತಿದ್ದವನು ರಾತ್ರಿಯ ಕಾವಲುಗಾರ. ಹಗಲಲ್ಲಿ ಅವನಿಗೆ ನಿದ್ದೆ ತಡೆಯಲಾಗುತ್ತಿರಲಿಲ್ಲ. ಒಂದು ನಾಟಕದಲ್ಲಿ ರಾಜ ಸತ್ತು ಬಿದ್ದ. ಕಾವಲುಗಾರ ಗೊರಕೆ ಹೊಡೆಯುತ್ತಿದ್ದ. ಸತ್ತ ರಾಜನ ಮೂಗಿನ ಮೇಲೆ ನೊಣ ಕೂತಿತು. ರಾಜ ಮೂಗು ಅಲ್ಲಾಡಿಸಿದ. ಸಭಾಂಗಣದಲ್ಲಿ ನಗು ಶುರುವಾಯಿತು. ಪಕ್ಕದಲ್ಲಿ ಪೊರಕೆ ಹಿಡಿದು ನಿಂತಿದ್ದ ಈಕೆ ಪೊರಕೆ ಬಿಸಾಕಿ ಹಗ್ಗ ಎಳೆದುಬಿಟ್ಟರು.

"ಅವತ್ತು ಹಿಡಿದಿದ್ದು ಸಾರ್, ಇವತ್ತಿನವರೆಗೂ ಬಿಟ್ಟಿಲ್ಲ. ಯಾರೂ ಬಿಡು ಅಂತಾನೂ ಅಂದಿಲ್ಲ."

ಪರದೆಯ ಎಡಗಡೆಯ ಮರೆಯಲ್ಲಿ ಅವರ ಜಾಗ. ಎರಡು ಹಗ್ಗಗಳು ಇಳಿಬಿದ್ದಿವೆ. ಒಂದು ತೆರೆಯಲು, ಒಂದು ಮುಚ್ಚಲು. ಮುಚ್ಚುವ ಹಗ್ಗಕ್ಕೆ ಹಳೆಯ ಬಟ್ಟೆಯ ತುಂಡೊಂದನ್ನು ಸುತ್ತಿ ಹೊಲಿದಿದ್ದಾರೆ, ಕತ್ತಲಲ್ಲಿ ಕೈಗೆ ಗೊತ್ತಾಗಲೆಂದು. ಎದುರುಗಡೆಯ ಮರೆಯಲ್ಲಿ ನಾಟಕದ ಮೇಷ್ಟ್ರು ಟಾರ್ಚ್ ಹಿಡಿದು ನಿಲ್ಲುತ್ತಾರೆ. ಒಂದು ಸಲ ಮಿಂಚಿಸಿದರೆ ತೆರೆ, ಎರಡು ಸಲ ಮಿಂಚಿಸಿದರೆ ಮುಚ್ಚು. ಇಷ್ಟೇ ಭಾಷೆ. ಆದರೆ ಹೇಗೆ ಮುಚ್ಚಬೇಕೆಂದು ಟಾರ್ಚು ಹೇಳುವುದಿಲ್ಲ. ನಗಿಸುವ ನಾಟಕಕ್ಕೆ ಸರಸರನೆ ಎಳೆಯಬೇಕು, ಅಳಿಸುವುದಕ್ಕೆ ನಿಧಾನ. ಎರಡು ಅಂಚುಗಳೂ ನಡುವೆ ಸಂದಿಯಿಲ್ಲದೆ ಸೇರಬೇಕು. ಸಂದಿ ಉಳಿದರೆ ಸತ್ತವರು ಎದ್ದು ಅಂಗಿ ಕೊಡವಿಕೊಳ್ಳುವುದು ಮುಂದಿನ ಸಾಲಿಗೆ ಕಾಣುತ್ತದೆ.

"ಅದು ಕಂಡ್ರೆ ಅಷ್ಟು ಹೊತ್ತು ಅತ್ತಿದ್ದೆಲ್ಲ ದಂಡ ಅಲ್ವಾ?" ಎಂದು ನನ್ನನ್ನೇ ಕೇಳುತ್ತಾರೆ.

ತಂತಿಯ ಕೆಲಸ ಮುಗಿಸಿ ಏಣಿ ಇಳಿದು ಕೂತಾಗ ಮಗನ ಮಾತು ಬಂತು.

ಅವರ ಒಬ್ಬನೇ ಮಗ ಓದಿದ್ದು ಇದೇ ಶಾಲೆಯಲ್ಲಿ. ಹತ್ತನೆಯ ತರಗತಿಯಲ್ಲಿ ಅವನಿಗೆ ಅಂಬಿಗನ ಪಾತ್ರ ಸಿಕ್ಕಿತು. ನಾಟಕದುದ್ದಕ್ಕೂ ಸುಮ್ಮನೆ ಹುಟ್ಟು ಹಾಕುವ ಅಂಬಿಗ ಕೊನೆಯಲ್ಲಿ ಎದ್ದು ನಿಂತು ಒಂದೇ ಒಂದು ಮಾತು ಹೇಳಬೇಕು: "ಕತ್ತಲಾಗುವ ಮುಂಚೆ ಆಚೆ ದಡ ಸೇರೋಣ. ಎಲ್ಲರೂ ಹತ್ತಿ, ಯಾರೂ ಉಳಿಯಬೇಡಿ." ಮನೆಯಲ್ಲಿ ಹುಡುಗ ಅದನ್ನು ಗೋಡೆಗೆ ಹೇಳಿದ, ಕನ್ನಡಿಗೆ ಹೇಳಿದ, ಉಣ್ಣುತ್ತಾ ಹೇಳಿ ಅಮ್ಮನಿಂದ ಬೈಸಿಕೊಂಡ.

ನಾಟಕದ ದಿನ ಅಂಬಿಗ ಎದ್ದು ನಿಂತ. ಮಾತು ಬರಲಿಲ್ಲ. ತಾಯಿ ಹಗ್ಗದ ಹತ್ತಿರವೇ ನಿಂತಿದ್ದರು. ಯಾರೋ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದರು. ಮೇಷ್ಟ್ರ ಟಾರ್ಚು ಮಿಂಚಿರಲಿಲ್ಲ, ಆದರೂ ಆಕೆ ಮುಚ್ಚುವ ಹಗ್ಗ ಎಳೆದರು. ಮಗ ನಗೆಪಾಟಲಾಗಬಾರದು, ಅಷ್ಟೇ ತಲೆಯಲ್ಲಿದ್ದದ್ದು. ಜನ ನಾಟಕ ಮುಗಿಯಿತೆಂದು ಚಪ್ಪಾಳೆ ತಟ್ಟಿ ಎದ್ದರು.

"ಒಳಗೆ ಬಂದು ಏನಂದ ಗೊತ್ತಾ ಸಾರ್? 'ನಾನು ಮರ್ತಿರ್ಲಿಲ್ಲಮ್ಮ. ಉಸಿರು ತಗೊಳ್ತಿದ್ದೆ' ಅಂದ. ಅಷ್ಟೇ. ಬೈದಿದ್ರೆ ತಡ್ಕೊಳ್ತಿದ್ದೆ."

ನನಗೂ ಮಕ್ಕಳಿದ್ದಾರೆ. ಅವರು ಎಡವುವ ಮೊದಲೇ ಎತ್ತಿಕೊಂಡು, ಆಮೇಲೆ ಇವಕ್ಕೆ ನಡೆಯಲು ಬರುವುದಿಲ್ಲ ಎಂದು ಗೊಣಗುವವರಲ್ಲಿ ನಾನೂ ಒಬ್ಬ.

ಹುಡುಗ ಮತ್ತೆ ರಂಗ ಹತ್ತಲಿಲ್ಲ. ಈ ಸಭಾಂಗಣದ ಒಳಗೇ ಬರಲಿಲ್ಲ. ಈಗ ಬಸ್ ಕಂಡಕ್ಟರ್. ದಿನವಿಡೀ "ಹತ್ತಿ, ಹತ್ತಿ, ಒಳಗೆ ನಡೀರಿ" ಎಂದು ಕೂಗುವ ಕೆಲಸ. ಹಳೆಯ ಕಥೆಯನ್ನು ತಮಾಷೆಯಾಗಿಯೇ ಹೇಳುತ್ತಾನಂತೆ. "ಅಮ್ಮ ಅಂಬಿಗನ ಮಾತು ನಿಲ್ಸಿದ್ಲು, ಈಗ ನೋಡಿ, ಬಾಯಿ ಮುಚ್ಚೋಕೆ ಪುರುಸೊತ್ತಿಲ್ಲ" ಎಂದು ನಗುತ್ತಾನಂತೆ. "ಎಲ್ರೂ ನಗ್ತಾರೆ. ನಾನೂ ನಗ್ತೀನಿ. ನಕ್ಕಾದ್ಮೇಲೆ ಅವನ ಮುಖ ನೋಡಲ್ಲ" ಎನ್ನುತ್ತಾರೆ ತಾಯಿ.

ಈಗ ಅವನ ಮಗಳು ಅದೇ ರಂಗದ ಮೇಲೆ. ಎರಡು ಊರುಗಳು ಒಂದು ಸೇತುವೆಗಾಗಿ ಜಗಳವಾಡುವ ನಾಟಕದಲ್ಲಿ ಅವಳು ನ್ಯಾಯಾಧೀಶೆ. ಕೊನೆಯಲ್ಲಿ ತೀರ್ಪು ಹೇಳಬೇಕು. ನಿನ್ನೆ ಸಂಜೆ ಅಜ್ಜಿಯ ಕುತ್ತಿಗೆಗೆ ಜೋತುಬಿದ್ದು ಒಂದು ಮಾತು ತೆಗೆದುಕೊಂಡಿದ್ದಾಳೆ.

"'ಅಜ್ಜಿ, ನಾನು ಮರೆತ್ರೂ ಮುಚ್ಬೇಡ. ಏನೇ ಆದ್ರೂ ಮುಚ್ಬೇಡ' ಅಂದ್ಲು. ಆಯ್ತು ಅಂದೆ. ಬಾಯಲ್ಲಿ ಹೇಳೋದು ಸುಲಭ ಸಾರ್. ಈ ಕೈ ನನ್ನ ಮಾತು ಕೇಳುತ್ತೋ ಇಲ್ವೋ."

ನಿಮಗೆ ಬೇರೆ ಏನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ಪತ್ರಿಕೆಯವರ ಮಾಮೂಲು ಪ್ರಶ್ನೆ ಅದು. ಅವರು ಮೇಣದ ಚೂರುಗಳನ್ನು ಅಂಗೈಯಲ್ಲಿ ಒಟ್ಟುಮಾಡುತ್ತಾ ಯೋಚಿಸುತ್ತಾರೆ. "ಅವನು ಆ ಒಂದು ಮಾತನ್ನ ಇಲ್ಲಿ ನಿಂತು ಹೇಳಿದ್ರೆ ಕೇಳ್ಬೇಕು ಅಂತ ಇತ್ತು. ಆಗೋ ಹೋಗೋ ಮಾತಲ್ಲ ಬಿಡಿ. ಏಳಿ, ಕುರ್ಚಿ ಹಾಕ್ಬೇಕು."

ಸಂಜೆ ನಾಲ್ಕು ಗಂಟೆ. ಸಭಾಂಗಣ ತುಂಬಿದೆ. ಹಿಂದಿನ ಬಾಗಿಲಿಗೆ ಒರಗಿಕೊಂಡು ಖಾಕಿ ಅಂಗಿಯ ಒಬ್ಬ ನಿಂತಿದ್ದಾನೆ, ಚರ್ಮದ ಚೀಲ ಹೆಗಲಲ್ಲೇ ಇದೆ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಬಸ್ಸಿನ ಮೆಟ್ಟಿಲ ಮೇಲೆ ನಿಲ್ಲುವ ಅಭ್ಯಾಸ ಇರಬೇಕು. ನನಗೆ ಪರದಮ್ಮನ ಪಕ್ಕದಲ್ಲೇ ಒಂದು ಸ್ಟೂಲು ಸಿಕ್ಕಿದೆ, ಕೆಮ್ಮಬಾರದೆಂಬ ಕರಾರಿನ ಮೇಲೆ.

ಸೇತುವೆಯ ಜಗಳ ಜೋರಾಗಿಯೇ ನಡೆಯುತ್ತದೆ. ಒಬ್ಬನ ಮೀಸೆ ಕಳಚಿಬೀಳುತ್ತದೆ, ಅವನು ಅದನ್ನು ಎದುರಾಳಿಯದೆಂದು ವಾದಿಸಿ ಚಪ್ಪಾಳೆ ಗಿಟ್ಟಿಸುತ್ತಾನೆ. ಕೊನೆಗೆ ನ್ಯಾಯಾಧೀಶೆ ಏಳುತ್ತಾಳೆ. ಕಪ್ಪು ನಿಲುವಂಗಿ ಅವಳಿಗಿಂತ ಒಂದು ಗೇಣು ಉದ್ದ.

"ಎರಡೂ ದಡದವರ ಮಾತು ಕೇಳಿದ್ದೇನೆ," ಎನ್ನುತ್ತಾಳೆ. ಮುಂದಿನದು ಬರುವುದಿಲ್ಲ.

ಮುಂದಿನ ಸಾಲಿನವರು ಇದನ್ನು ಅಭಿನಯವೆಂದೇ ತಿಳಿದು ತಲೆದೂಗುತ್ತಾರೆ. ಆದರೆ ಮರೆಯಿಂದ ನೋಡುವವರಿಗೆ ಅವಳ ಬೆರಳುಗಳು ನಿಲುವಂಗಿಯನ್ನು ಮುದುರುತ್ತಿರುವುದು ಕಾಣುತ್ತದೆ. ಇದು ಉಸಿರು ತೆಗೆದುಕೊಳ್ಳುವ ಮೌನವಲ್ಲ. ಹುಡುಗಿಗೆ ನಿಜವಾಗಿಯೂ ಮರೆತುಹೋಗಿದೆ. ಹಿಂದೆಲ್ಲೋ ಕುರ್ಚಿ ಕಿರುಗುಟ್ಟುತ್ತದೆ. ಒಂದು ಕೆಮ್ಮು. ಎದುರಿನ ಮರೆಯಲ್ಲಿ ಟಾರ್ಚು ಮಿಂಚುತ್ತದೆ, ಒಂದು ಸಲ, ಎರಡು ಸಲ. ಮುಚ್ಚು.

ಪರದಮ್ಮನ ಕೈಗಳು ಬಟ್ಟೆ ಸುತ್ತಿದ ಹಗ್ಗದ ಮೇಲಿವೆ. ಬಿಗಿಯುತ್ತವೆ. ಟಾರ್ಚು ಮತ್ತೆ ಎರಡು ಸಲ ಮಿಂಚುತ್ತದೆ. ಹುಡುಗಿ ಕತ್ತು ಹೊರಳಿಸಿ ಅಜ್ಜಿಯ ಕಡೆ ನೋಡುತ್ತಾಳೆ. ಆಗ ಪರದಮ್ಮ ಹಗ್ಗ ಬಿಟ್ಟು, ಎರಡೂ ಅಂಗೈಗಳನ್ನು ಬಿಡಿಸಿ ಅವಳಿಗೆ ತೋರಿಸುತ್ತಾರೆ. ಬರಿಗೈ. ನಾನು ಮುಚ್ಚುವುದಿಲ್ಲ, ನಿನಗೆ ಬೇಕಾದಷ್ಟು ಹೊತ್ತು ತಗೋ.

ಹುಡುಗಿ ಆ ಕೈಗಳನ್ನು ನೋಡುತ್ತಾಳೆ. ಸಭೆಗೆ ತಿರುಗಿ, "ಎರಡೂ ದಡದವರ ಮಾತು ಕೇಳಿದ್ದೇನೆ," ಎಂದು ಮೊದಲಿನಿಂದ ಶುರುಮಾಡುತ್ತಾಳೆ. ಈ ಸಲ ಎರಡನೆಯ ವಾಕ್ಯ ಬರುತ್ತದೆ. ಮೂರನೆಯದು ಹಾರಿಹೋಗುತ್ತದೆ, ನಾಲ್ಕನೆಯದು ಬರುತ್ತದೆ. ತೀರ್ಪು ಮುಗಿಯುತ್ತದೆ. ಹುಡುಗಿಯ ಬಾಯಿಂದ ಕೊನೆಯ ಅಕ್ಷರ ಬಿದ್ದು, ಚಪ್ಪಾಳೆ ಎದ್ದ ಮೇಲೆಯೇ ಪರದೆ ಸೇರುತ್ತದೆ. ಪರದಮ್ಮ ಸೆಖೆಯೆಂದು ಮುಖ ಒರೆಸಿಕೊಳ್ಳುತ್ತಾರೆ. ಅಂಥ ಸೆಖೆಯೇನೂ ಇರಲಿಲ್ಲ.

ಮೇಷ್ಟ್ರು ದಾಪುಗಾಲು ಹಾಕಿ ಬರುತ್ತಾರೆ. "ಟಾರ್ಚು ಕಾಣಿಸ್ಲಿಲ್ವೇನಮ್ಮ?"

"ಕಾಣಿಸ್ತು ಸಾರ್."

ಮೇಷ್ಟ್ರು ಟಾರ್ಚನ್ನು ಜೇಬಿಗಿಳಿಸಿ ಮಕ್ಕಳ ಕಡೆ ಹೋಗುತ್ತಾರೆ.

ಜನ ಕರಗುತ್ತಾರೆ. ಕಿಟಕಿಗಳಲ್ಲಿ ಇನ್ನೂ ಬಿಸಿಲಿದೆ. ಪರದಮ್ಮ ಪರದೆಯನ್ನು ಮತ್ತೆ ತೆರೆದು ರಂಗ ಗುಡಿಸಲು ಪೊರಕೆ ಹಿಡಿಯುತ್ತಾರೆ. ಮೊಮ್ಮಗಳು ಮುಖದ ಬಣ್ಣ ತೊಳೆಯಲು ಹೋಗಿದ್ದಾಳೆ. ಕಂಡಕ್ಟರ್ ಬಾಗಿಲು ಬಿಟ್ಟು, ಕುರ್ಚಿಗಳ ನಡುವೆ ನಡೆದು, ಮೆಟ್ಟಿಲು ಹತ್ತಿ ರಂಗದ ಮೇಲೆ ಬರುತ್ತಾನೆ. ನ್ಯಾಯಾಧೀಶೆಯ ಮೇಜು ಎತ್ತಿಡಲು ಬಂದನೆಂದುಕೊಂಡೆ. ಮೇಜು ಮುಟ್ಟುವುದಿಲ್ಲ. ಚೀಲ ಕೆಳಗಿಟ್ಟು, ಖಾಲಿ ಕುರ್ಚಿಗಳಿಗೆ ಮುಖಮಾಡಿ ನಿಲ್ಲುತ್ತಾನೆ.

ಪರದಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿ, ಸದ್ದಾಗದಂತೆ ತಮ್ಮ ಜಾಗಕ್ಕೆ ಹೋಗಿ ನಿಲ್ಲುತ್ತಾರೆ. ಹಗ್ಗ ಮುಟ್ಟುವುದಿಲ್ಲ.

"ಕತ್ತಲಾಗುವ ಮುಂಚೆ ಆಚೆ ದಡ ಸೇರೋಣ," ಎನ್ನುತ್ತಾನೆ ಮಗ. ಬಸ್ಸಿನ ಧ್ವನಿಯಲ್ಲ, ಅದಕ್ಕಿಂತ ಮೆತ್ತಗೆ. ನಡುವೆ ನಿಲ್ಲಿಸಿ, ನಿಧಾನವಾಗಿ ಒಂದು ಉಸಿರು ತೆಗೆದುಕೊಳ್ಳುತ್ತಾನೆ. "ಎಲ್ಲರೂ ಹತ್ತಿ. ಯಾರೂ ಉಳಿಯಬೇಡಿ."

ಆಮೇಲೆ ಎಡಗಡೆಗೆ ನೋಡುತ್ತಾನೆ. "ಈಗ ಮುಚ್ಚಮ್ಮ."

ಪರದಮ್ಮ ಹಗ್ಗಕ್ಕೆ ಕೈ ಹಾಕುತ್ತಾರೆ.